ಕೆಳಗೇ ಬಿಡು

ಊರಿನ ಹೆಸರು ಕೆಂಪೆಲೆ.
ನಮ್ಮ ಕಿವಿಗಷ್ಟೇ ಅದು ಕೆಂಪು, ಅದು ಎಲೆ.
ಫಿನ್‌ಲೆಂಡಿನ ಜನವರಿಯಲ್ಲಿ ಎರಡೂ ಇಲ್ಲ;
ಮಧ್ಯಾಹ್ನ ಮೂರಕ್ಕೇ ಕತ್ತಲು,
ಕಾರ್ಖಾನೆಯ ಕಿಟಕಿಗೆ ಹಿಮದ ಹೊಟ್ಟು.

ಇಲ್ಪೊ ಲೆಕ್ಕ ಹಾಕುತ್ತಾನೆ.
ಬರಿ ಗಾಳಿಯಲ್ಲಾದರೆ ಕಾಲು ಅಲೆಗೇ
ನಾಲ್ಕು ಬೆರಳಗಲ ಬೇಕು, ಮೇಲೆ ತುಸು.
ಜೇಬಿನ ಫೋನಿನಲ್ಲಿ ಅಷ್ಟು ಜಾಗ ಎಲ್ಲಿ?
ಬೇರಿಯಂ, ನಿಯೋಡಿಮಿಯಂ, ಟೈಟಾನಿಯಂ
ಅರೆದು, ಅದುಮಿ, ಸುಟ್ಟು, ಬೆಳ್ಳಿ ಬಳಿದರೆ
ಅದೇ ಅಲೆ ಒಂಬತ್ತರಲ್ಲೊಂದು ಪಾಲಾಗಿ
ಕಿರುಬೆರಳ ಉಗುರಿನಷ್ಟರಲ್ಲಿ ಮುದುರುತ್ತದೆ,
ಚಳಿಗೆ ಮೊಣಕಾಲು ಎದೆಗೊತ್ತಿ
ಮಲಗಿದ ಮಗುವಿನ ಹಾಗೆ.

ಒಂದು ಗಟ್ಟಿ, ಮೂರು ತೂತು.
ತೂತಿಗೂ ತೂತಿಗೂ ಎಷ್ಟು ದೂರ?
ಹತ್ತಿರವಾದರೆ ಒಂದರ ಮಾತು ಇನ್ನೊಂದರ ಬಾಯಲ್ಲಿ,
ದೂರವಾದರೆ ಮುಖ ಕೊಟ್ಟು ಮಾತಾಡವು.
ಮೂರು ವಾರ ಇದೇ ಗುದ್ದಾಟ.
ಕೊನೆಗೆ ಪರದೆಯ ಮೇಲಿನ ಗೆರೆ
ಎಲ್ಲಿ ಬೇಕೋ ಅಲ್ಲೇ ಕೂತಿತು,
ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಗೂಡಿಗೆ ಈ ಲೆಕ್ಕ ಗೊತ್ತಿರಲಿಲ್ಲ.
ಸಾವಿರ ಗಟ್ಟಿ ಹೊರಬಂದವು,
ಕೆಲವು ಹೇಳಿದ್ದಕ್ಕಿಂತ ಹೆಚ್ಚು ಕುಗ್ಗಿ, ಕೆಲವು ಕಮ್ಮಿ.

ತಟ್ಟೆ ಸೈಮಿಯ ಮೇಜಿಗೆ ಬಂತು.
ಹನ್ನೆರಡು ವರ್ಷದಿಂದ ಶ್ರುತಿ ಮಾಡುವವಳು:
ವಜ್ರದ ಮೊನೆ, ಭೂತಗನ್ನಡಿ, ಆರಿದ ಕಾಫಿ.
ತುದಿಯ ಬೆಳ್ಳಿ ಚೂರು ಕೆರೆದರೆ
ಗೆರೆ ಬಲಕ್ಕೆ ಸರಿಯುತ್ತದೆ.
ಬಲಕ್ಕೆ ಮಾತ್ರ.
ಮಾತು ಆಡಿದರೆ ಹೋಯಿತು,
ಬೆಳ್ಳಿ ಕೆರೆದರೂ ಹೋಯಿತು.

ಅರ್ಧ ತಟ್ಟೆಯನ್ನು ಅವಳು ಮುಟ್ಟಲೇ ಇಲ್ಲ.
ಕಸದ ಡಬ್ಬಿಯ ಕಡೆ ಗಲ್ಲ ಎತ್ತಿ ತೋರಿಸಿದಳು.
"ಇವು ಆಗಲೇ ದಾಟಿ ಹೋಗಿವೆ.
ನೀನು ಸರಿಯಾಗಿಯೇ ಮಾಡಿದ್ದೀಯ,
ಅದೇ ತಪ್ಪು. ಸ್ವಲ್ಪ ಕೆಳಗೇ ಬಿಡು ಮಾರಾಯ,
ಕೆರೆಯೋಕೆ ನನಗೂ ಏನಾದರೂ ಬೇಕಲ್ಲ."

"ಎಷ್ಟು?" ಎಂದ.
"ಎಂಟು ಮೆಗಾಹರ್ಟ್ಸ್.
ಸೋಮವಾರ ಸುಟ್ಟಿದ್ದಾದರೆ ಹತ್ತು."

ಪಾಳಿ ಮುಗಿದು, ಸೈಕಲ್ಲಿನ ಸೀಟಿನ ಹಿಮ
ಮೊಣಕೈಯಿಂದ ಒರೆಸಿ ಅವಳು ಹೊರಟಳು.
ತೋಳಿನ ಮಡಿಕೆಯಲ್ಲಿ ಉಳಿದ ಬೆಳ್ಳಿಯ ಪುಡಿ
ಬೀದಿದೀಪ ಬಂದಾಗ ಕಂಡಿತು,
ಹೋದಾಗ ಇಲ್ಲ.

ಒಳಗೆ ಇಲ್ಪೊ ನಕ್ಷೆ ಬಿಚ್ಚಿ ಕೂತಿದ್ದ.
ಮೂರು ವಾರದ ಸರಿ ಉತ್ತರ ಅಳಿಸಿ
ಅದಕ್ಕಿಂತ ಎಂಟು ಕಡಿಮೆ ಬರೆಯಲು
ಅವನಿಗೆ ರಾತ್ರಿ ಒಂಬತ್ತಾಯಿತು.