ವಿಠ್ಠಪ್ಪನ ತೂಕ

ನಮ್ಮ ಮನಿ ಉಪ್ಪಿನಕಾಯಿ ಭರಣಿ ಮ್ಯಾಲ
ಒಬ್ಬ ಇಂಗ್ಲಿಷ್ ಸಾಹೇಬ ಕುಂತಾನ.
ಬೀಡುಕಬ್ಬಿಣದವ, ಕರ್ರಗ, ಎತ್ತಲಿಕ್ಕೆ ನೆತ್ತಿ ಮ್ಯಾಲೊಂದು ಬಳಿ.
ಹೊಟ್ಟಿ ಮ್ಯಾಲ ಅಚ್ಚು: ವಿಥಮ್, ಇಪ್ಪತ್ತೆಂಟು ಪೌಂಡು.
ಅಕ್ಷರ ಬರದ ಫಕೀರವ್ವಗ, ನಮ್ಮ ಮುತ್ತಜ್ಜಿಯ ಅತ್ತಿಗೆ,
ಯಾರೋ ಓದಿ ಹೇಳಿದ್ದು: ವಿಠ್ಠಮ್, ವಿಠ್ಠಮ್.
ಹಂಗಾರ ವಿಠ್ಠಪ್ಪನ ಅಂದಳು. ಅವತ್ತಿನಿಂದ
ಮಹಾನವಮಿಗೆ ಅವಗೂ ಒಂದು ವಿಭೂತಿ ಪಟ್ಟಿ,
ಕುಡಗೋಲು, ರಂಟಿ, ಹೊಲಿಗಿ ಮಿಶಿನ್ ಜೋಡಿ.

ಧಾರವಾಡದಾಗ ಬಿ.ಎಡ್. ಓದೂ ಮುಂದ
ಬಿಸಲಿಗೆ ಹೆದರಿ ಹೊಕ್ಕ ಹಳೇ ಲೈಬ್ರರಿಯೊಳಗ
ಅಂವ ಸಿಕ್ಕ.
ಆಂಬ್ರೋಸ್ ವಿಥಮ್, ಜಮೀನುದಾರ, ಪಾರ್ಲಿಮೆಂಟ್ ಸದಸ್ಯ.
ಒಂದೂವರಿ ಪುಟದ ಬಾಳೆ. ನಡುವ ಗೆದ್ದಲ ತಿಂದಿತ್ತು.

ಹುಟ್ಟಿದ್ದು ನಲವತ್ತು ಕಿಟಕಿ ಮನಿಯಾಗ.
ಹತ್ತೊಂಬತ್ತಕ್ಕ ಅಪ್ಪ ಸತ್ತ, ಹನ್ನೊಂದು ಸಾವಿರ ಎಕರೆ ಬಂತು.
ಇಪ್ಪತ್ತೊಂದಕ್ಕ ಊರ ಗಾಂವಠಾಣಕ್ಕ ಬೇಲಿ ಹಾಕಿದ.
ಅಲ್ಲಿ ದನ ಮೇಸತಿದ್ದ ಮಂದಿ ಎಲ್ಲಿಗೆ ಹೋದರೋ
ಪುಸ್ತಕದಾಗಿಲ್ಲ. ಅದನ್ನ ಗೆದ್ದಲ ತಿಂದಿಲ್ಲ,
ಬರದಾಂವನ ಬಿಟ್ಟಾನ.
ಎಲೆಕ್ಷನ್ನಿಗೆ ನಿಂತಾಗ ಮೂರು ದಿನ
ಊರ ಸೆರೆ ಅಂಗಡಿ ಲೆಕ್ಕ ಎಲ್ಲಾ ಅವನ ಹೆಸರಿಗೆ.
ಓದಿ ಒಬ್ಬಾಕೀನ ನಕ್ಕೆ; ಬೆಟಗೇರಿ ವಾರ್ಡಿನಾಕಿ ನಾ.

ಮುಂದಿನ ಹದಿಮೂರು ವರ್ಷ ಗೆದ್ದಲ ಹೊಟ್ಟ್ಯಾಗ.
ಒಂದು ಸಾಲಿನ ಬಾಲ ಅಷ್ಟ ಉಳದದ:
‘...ಆಮೇಲೆ ಆ ಮನೆಯಲ್ಲಿ ಯಾರೂ ಪಿಯಾನೋ ತೆರೆಯಲಿಲ್ಲ.’
ಯಾರು ಸತ್ತರು? ಹೇಂತಿಯೋ, ಮಗಳೋ?
ಆ ಒಂದು ಸಾಲಿಗೆ ಸಾಹೇಬನ ಮ್ಯಾಲೆ ನನಗ
ಕಕ್ಕುಲಾತಿ ಬಂದದ್ದು ಖರೆ. ಸುಳ್ಳ್ಯಾಕ ಹೇಳಲಿ.

ಇಪ್ಪತ್ತು ವರ್ಷ ಪಾರ್ಲಿಮೆಂಟಿನಾಗ ಕುಂತು
ಬಾಯಿ ತಗದದ್ದು ಮೂರು ಸಲ.
ಒಮ್ಮೆ ನರಿ ಬ್ಯಾಟಿ ಸಲುವಾಗಿ,
ಒಮ್ಮೆ ತನ್ನ ಹೊಲದಾಗ ರೈಲು ಹಾಯಬಾರದಂತ.
ಮೂರನೇದು ನಮ್ಮ ಸಲುವಾಗಿ.
ಅಮೆರಿಕಾದಾಗ ಯುದ್ಧ, ಹತ್ತಿ ಬಂದ್.
ಗಿರಣಿಯೊಳಗ ಅವನ ರೊಕ್ಕ, ಗದಗಿನಾಗ ಅವನ ಹೆಸರಿನ ಖರೀದಿ ಕೋಠಿ.
‘ಡಾರ್ವಾರಿನ ರೈತ ಅರಳೆಗೆ ಉಸುಕು ಬೆರೆಸುತ್ತಾನೆ,
ನೀರು ಹೊಡೆಯುತ್ತಾನೆ. ಅವನಿಗೆ ಜೈಲೊಂದೇ ಮದ್ದು.’
ಚಪ್ಪಾಳಿ ಬಿದ್ದುವಂತ ಬರದದ.
ಈ ಕಡೆ ಒಮ್ಮೆರೆ ಬಂದಾಂವಲ್ಲ.
ಹಸಿ ಎರಿಮಣ್ಣು ಕಾಲಿಗೆ ಹತ್ತಿದರ
ಒಂದೊಂದು ಹೆಜ್ಜಿ ಎಷ್ಟು ಭಾರ, ತಿಳದಾಂವಲ್ಲ.

ಮದ್ದು ಕುಡದಾಂವ ಫಕೀರವ್ವನ ಗಂಡ ಅಂದಾನೆಪ್ಪ.
ಧಾರವಾಡ ಜೈಲಿನಾಗ ಮೂರು ತಿಂಗಳು ಹಗ್ಗ ಹೊಸದ.
ಕೋಠಿ ದಿವಾಳಿ ಎದ್ದು ಹರಾಜಾದಾಗ
ಅವ್ವ ಸೆರಗಿನ ಗಂಟು ಬಿಚ್ಚಿ ಈ ಒಂದು ತೂಕದ ಕಲ್ಲು ತಂದಳು.
ಯಾಕ ಅಂದರ, ಭರಣಿ ಮ್ಯಾಲ ಹೇರಲಿಕ್ಕೆ ಬೇಕಾಗಿತ್ತು ಅಂದಳಂತ.

ಹೋದ ತಿಂಗಳ ದಾವಲಸಾಬನ ಗುಜರಿ ಅಂಗಡಿಯಾಗ
ಕರೆಂಟಿನ ಕಾಂಟಾ ಮ್ಯಾಲ ವಿಠ್ಠಪ್ಪನ್ನ ಕುಂದ್ರಿಸಿದೆ.
ಇಪ್ಪತ್ತೆಂಟು ಪೌಂಡಂದರ ಹನ್ನೆರಡು ಕಿಲೋ ಏಳುನೂರು.
ಕೆಂಪು ಅಂಕಿ ಹೇಳಿತು: ಹದಿಮೂರು, ನಾಕುನೂರಾ ಹತ್ತು.
ದಾವಲಸಾಬ ಕಾಂಟಾ ಒರಸಿದ. ಮತ್ತ ಇಟ್ಟ.
ಹದಿಮೂರು, ನಾಕುನೂರಾ ಹತ್ತು.
‘ನೂರೈವತ್ತು ವರ್ಷ ತುಕ್ಕು ಉದುರಿ ಇಷ್ಟು ಉಳದದ ಬಾಯಾರ.
ಆಗ ಎಷ್ಟಿತ್ತೋ.’

ಮನಿಗೆ ಓಡಿ ಬಂದೆ. ಆಯಿ ಪಡಸಾಲ್ಯಾಗ
ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರೀತಿದ್ದಳು.
‘ಆಯಿ, ಅಂದಾನೆಪ್ಪಜ್ಜ ಕಳ್ಳ ಅಲ್ಲ!’
ತಲಿ ಎತ್ತಲಿಲ್ಲ.
‘ನೀರು ಹೊಡದಿದ್ದ ತಗೋ.’
ಇನ್ನೊಂದು ತೊಟ್ಟು. ಸೀನು.
‘ಭಾಳಲ್ಲ. ಕಲ್ಲಿನಷ್ಟು.’

ಸಾಹೇಬ ಸತ್ತದ್ದು ಕಾಲ ಬ್ಯಾನಿಯಿಂದ,
ಹಾಸಗಿ ಮ್ಯಾಲ, ಕಿಟಕಿ ಎಲ್ಲಾ ಹಾಕಿಸಿ.
ಆ ಪುಟದ ಕಡೀ ಮಾತು: ‘ತೂಕದ ಮನುಷ್ಯ.’
ನಾ ಅದರ ಕೆಳಗ ಪೆನ್ಸಿಲಿನಿಂದ ಗ್ರಾಮು ಬರೀಬೇಕಂತಿದ್ದೆ,
ಲೈಬ್ರರಿಯವ ನೋಡಾಕ ಹತ್ತಿದ್ದ.

ಈ ಸಲ ಮಾವಿನಕಾಯಿ ಹೆಚ್ಚು ಬಂದಾವ,
ಭರಣಿ ಬಾಯಿತನಕ ತುಂಬೇದ.
ವಿಠ್ಠಪ್ಪಾ, ಒತ್ತಿ ಕುಂದರು.