ಮಣಿಕಟ್ಟು

ಐದಕ್ಕೆ ಅಪ್ಪನ ಬೀಸುಕಲ್ಲು ಕೆಮ್ಮುತ್ತದೆ.
ಮೂರು ಮೂಲೆಯ ಕರಿ ಕಾಳು, ಸೋಬಾ,
ಸುಡದೆಯೂ ಬೂದಿಬಣ್ಣವಾಗಿ ಉದುರುತ್ತದೆ.
ಏಳೂವರೆಯ ತನಕ ನಾನು ಜರಡಿ ಹಿಡಿಯುತ್ತೇನೆ,
ಆಮೇಲೆ ಸೈಕಲ್ಲು, ಸೇತುವೆ, ಮತ್ಸುಮೊಟೊದ ಚಳಿ,
ಎರಡು ಬಾಗಿಲು, ನೀಲಿ ಗೌನು, ಟೋಪಿ, ಕೈಗವಸು,
ಮತ್ತು ನೀವು:
ಕಿವಿಗೆ ತೂತು ಹೊಡೆದು ಎಣಿಸಿದ ಅರವತ್ತು ಬಿಳಿ ಇಲಿ.

ಇವಾದಾರೆ ಸೆನ್ಸೇ ಮೊದಲ ದಿನವೇ ಹೇಳಿದ್ದರು:
ಬಾಯಿಂದ ಬಂದದ್ದು ನೆಂಟ,
ಚರ್ಮಕ್ಕೆ ಕನ್ನ ಹಾಕಿ ಬಂದದ್ದು ಕಳ್ಳ.
ಯಾರು ಮೊದಲು ಬಂದರೆಂದು ಮೈ ಮರೆಯುವುದಿಲ್ಲ.
ಅದಕ್ಕೇ ಒಂದು ಗುಂಪಿಗೆ ಹಾಲು ಬಿಟ್ಟ ವಾರದಿಂದ ಸೋಬಾ ಮೇವು.
ಇನ್ನೊಂದಕ್ಕೆ ಇಲ್ಲ, ಅವುಗಳ ಅಜ್ಜಿಗೂ ಇಲ್ಲ,
ಆ ಹೆಸರೇ ಕೇಳದ ವಂಶ.
ಬಳಿಕ ಎಲ್ಲರ ಬೆನ್ನು ಬೋಳಿಸಿ, ಟೇಪು ಅಂಟಿಸಿ ಕಿತ್ತು,
ತರಚಿದ ಜಾಗಕ್ಕೆ ಹಿಟ್ಟಿನ ನೀರು.
ಕೊನೆಗೆ ಅದೇ ಹಿಟ್ಟು ಹೊಟ್ಟೆಗೆ, ನನ್ನ ಕೈಗೆ ಥರ್ಮಾಮೀಟರು:
ಮೈ ಎರಡು ಡಿಗ್ರಿ ತಣ್ಣಗಾದರೆ ಅದು ಉತ್ತರ.
ನೀವು ಮೂಲೆ ಸೇರಿ ಮೂಗು ತಿಕ್ಕಿಕೊಳ್ಳುವಾಗ
ನಾನು ಗಡಿಯಾರ ನೋಡುತ್ತೇನೆ.

ಆದರೆ ಕೆಳಸಾಲಿನ ಐದನೆಯ ಪಂಜರ,
ಸೋಬಾ ಕಾಣದ ವಂಶದ ನಾಲ್ವರು,
ಒಬ್ಬರೂ ತಣ್ಣಗಾಗಲಿಲ್ಲ.
ಮೂವತ್ತೇಳು ಪಾಯಿಂಟ್ ಆರು. ಮೂವತ್ತೇಳು ಪಾಯಿಂಟ್ ಐದು.
ಮೇವಿನ ಚೀಲ ಬಿಚ್ಚಿ ನೋಡಿದರು,
ಹಾಸಿನ ಹೊಟ್ಟು, ನೀರಿನ ನಳಿಕೆ, ಕಂಪನಿಗೆ ಫೋನು.
ನನ್ನನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಗೊತ್ತಾದದ್ದು ಮನೆಯಲ್ಲಿ, ಕರಿ ಸ್ವೆಟರಿನ ತೋಳು ಕೊಡವಿದಾಗ.
ಕೈಗವಸಿಗೂ ಗೌನಿಗೂ ನಡುವೆ
ಎರಡು ಬೆರಳಗಲ ಬರಿ ಮಣಿಕಟ್ಟು.
ಹದಿನೇಳನೆಯವಳೇ,
ನಿನ್ನ ಕಿವಿಯ ತೂತು ಕೀವುಗಟ್ಟಿದ್ದ ವಾರ
ದಿನಾ ಅಂಗೈಯಲ್ಲಿಟ್ಟು ಔಷಧ ಸವರಿದೆ.
ನೀನು ಅಲ್ಲೇ ನೆಕ್ಕುತ್ತಿದ್ದೆ,
ನಿನ್ನ ಮೀಸೆಯನ್ನು ಉಳಿದ ಮೂವರು.
ಬೆವರಿನ ಉಪ್ಪಿಗೆ ಅಂದುಕೊಂಡಿದ್ದೆ.
ಒಂದೊಂದೇ ಕಣ ಹಿಟ್ಟು
ಬಾಗಿಲು ತಟ್ಟಿ, ಚಪ್ಪಲಿ ಹೊರಗೆ ಬಿಟ್ಟು
ನೆಂಟನ ಹಾಗೆಯೇ ಒಳಗೆ ಬಂದಿತ್ತು.

ಸೆನ್ಸೇಗೆ ಹೇಳಿದೆ, ಸೊಂಟದ ತನಕ ಬಾಗಿ.
ಅವರು ಬಹಳ ಹೊತ್ತು ಸುಮ್ಮನಿದ್ದು
ಕಡತದಲ್ಲಿ ಐದನೆಯ ಪಂಜರಕ್ಕೆ ಅಡ್ಡಗೆರೆ ಎಳೆದರು.
ಪೆನ್ನು ಮುಚ್ಚಿದ ಮೇಲೆ ಕೇಳಿದರು:
ದಿನಕ್ಕೆ ಎಷ್ಟಿರಬಹುದು, ಮೊಮೊಸೆ-ಸಾನ್,
ಅಂದಾಜು?

ಅಷ್ಟು ಸಣ್ಣದಕ್ಕೆ ನನ್ನಲ್ಲಿ ತಕ್ಕಡಿ ಇರಲಿಲ್ಲ.

ಅಪ್ಪನ ಅಂಗಡಿ ಬಾಗಿಲಲ್ಲಿ ಈಗಲೂ ಅದೇ ಹಲಗೆ:
ಸೋಬಾ ಒಗ್ಗದವರು ದಯವಿಟ್ಟು ಒಳಗೆ ಬರಬೇಡಿ.
ಎದುರುಮನೆಯ ಹುಡುಗ ಅದನ್ನು ಓದುವಷ್ಟು ದೊಡ್ಡವನಾಗಿದ್ದಾನೆ,
ಉಸಿರು ಹಿಡಿದು ಓಡಿ ದಾಟುತ್ತಾನೆ.

ಅಕ್ಟೋಬರಿನಲ್ಲಿ, ಪ್ರಯೋಗಶಾಲೆಯ ಹಿಂದಿನ ಕಲ್ಲಿನೆದುರು
ವರ್ಷಕ್ಕೊಮ್ಮೆ ಎಲ್ಲರೂ ಕಪ್ಪು ತೊಟ್ಟು ನಿಲ್ಲುತ್ತೇವೆ.
ಸೇವಂತಿಗೆ, ಊದುಬತ್ತಿ, ಒಂದು ಬಟ್ಟಲು ಮೇವು.
ಕೈ ಮುಗಿಯುವಾಗ ಮಣಿಕಟ್ಟು ಕಂಡಿತು,
ಮೂರು ಸಲ ಸೋಪು ಹಾಕಿ ತೊಳೆದದ್ದು,
ಕೆಂಪಗೆ, ಯಾವ ವಾಸನೆಯೂ ಇಲ್ಲದೆ.
ಅಲ್ಲಿ ನೆಕ್ಕಲು ಏನೂ ಇರಲಿಲ್ಲ.