ಮಣ್ಣಿನ ರಸೀದಿ

ಓಸ್ವೋರಿನಲ್ಲಿ ಮಣ್ಣು ಹುಟ್ಟಿದ್ದಲ್ಲ, ಬಂದಿದ್ದು.
ಬರಿಬಂಡೆ ಅದು; ಮೇಲೆ ಕಡಲಹಕ್ಕಿಯ ಹಿಕ್ಕೆ, ಸುತ್ತ ಉಪ್ಪು.
ಒಣಮೀನು ಒಯ್ಯಲು ಬಂದ ಖಾಲಿ ಹಡಗುಗಳು
ಅಡಿಭಾರಕ್ಕೆಂದು ತುಂಬಿ ತಂದ ಮಣ್ಣನ್ನು
ದಕ್ಕೆಯ ಮೇಲೆ ಸುರಿದು ಹೋದವು.
ಮೊದಲು ದಂಡ ಹಾಕಿದರು, ಆಮೇಲೆ ದುಡ್ಡು ಕೊಟ್ಟರು.
ಮಣ್ಣಿನ ಋಣಕ್ಕೆ ಇಲ್ಲಿ ರಸೀದಿಯುಂಟು.

ಈಗ ನೋಡಿ: ನಗರವೇ ದೇಶ.
ಈ ತುದಿಯಿಂದ ಆ ತುದಿಗೆ ಟ್ರಾಮಿನಲ್ಲಿ ಮೂವತ್ತೊಂದು ನಿಮಿಷ.
ಬ್ಯಾಂಕುಗಳಿಗೆ ತಾಮ್ರದ ಛಾವಣಿ; ಕಾಲುದಾರಿಯ ಕೆಳಗೆ ಬಿಸಿನೀರ ಕೊಳವೆ,
ಹಿಮ ನೆಲಕ್ಕೆ ತಾಗುತ್ತಲೇ ಸೋತು ಹರಿಯುತ್ತದೆ.
ಜನವರಿಯಲ್ಲೂ ಗಾಜಿನ ಮನೆಯಲ್ಲಿ ಟೊಮೆಟೊ.
ಸೈನ್ಯವಿಲ್ಲ. ಸಾಲವಿಲ್ಲ. ರಾಷ್ಟ್ರಗೀತೆಗೆ ಎರಡೇ ಸಾಲು,
ಚಳಿಯಲ್ಲಿ ಅಷ್ಟು ಸಾಕು.

ರಾಗ್ನ್‌ಫ್ರಿದ್ ಓಲ್ಡೆ ಸುಂಕದ ಕಟ್ಟೆಯಲ್ಲಿ
ನಲವತ್ತು ವರ್ಷ ಮಣ್ಣು ತೂಗಿದವಳು.
ಚೌಕದ ಲಿಂಡನ್ ಮರ ನಿಂತದ್ದು ಯಾವ ಬಂದರಿನ ಜೇಡಿಯಲ್ಲಿ,
ಶಾಲೆಯಂಗಳದ ಹುಲ್ಲು ಯಾವ ನದಿಯ ಮೆಕ್ಕಲಲ್ಲಿ,
ಕೇಳಿದರೆ ಪುಟಸಂಖ್ಯೆ ಸಮೇತ ಹೇಳುತ್ತಾಳೆ.
ಭಾಷಣಕಾರರು 'ಈ ಮಣ್ಣಿನ ಮಕ್ಕಳು' ಎಂದಾಗ
ಕೆಮ್ಮುತ್ತಾಳೆ.

ಗಂಡ ತೂರ್‌ಗೈರ್ ಸತ್ತದ್ದು ಕಳೆದ ಮಾರ್ಚಿನಲ್ಲಿ.
ಇಲ್ಲಿ ಗೋರಿಗೂ ಬಾಡಿಗೆ, ಇಪ್ಪತ್ತೈದು ವರ್ಷಕ್ಕೆ.
ಪಾದ್ರಿ 'ಮಣ್ಣು ಮಣ್ಣಿಗೆ' ಎನ್ನುವಾಗ
ಹಿಡಿ ತುಂಬಿಕೊಂಡಳು, ಬೆರಳಲ್ಲಿ ಹಿಸುಕಿದಳು, ಮೂಸಿದಳು.
ಕಪ್ಪು. ತುಸು ಮರಳು. ಯಾರದೋ ತಟ್ಟೆಯ ನೀಲಿ ಅಂಚಿನ ಚೂರು.
ಹಾಕದೆ ಅಷ್ಟು ಹೊತ್ತು ನಿಂತದ್ದು
ದುಃಖಕ್ಕೆಂದು ಎಲ್ಲರೂ ತಿಳಿದರು.

ಯಾವ ಹಡಗೆಂದು ನೆನಪಾಗಲಿಲ್ಲ ಅವಳಿಗೆ.
ಮೊದಲ ಸಲ.